ಚಿನ್ನಿದಾಂಡಿನ ದೂರದ ನೆಂಟ
ಬೇಸ್‌ಬಾಲ್ ಆಟದ ಕಟ್ಟಳೆಗಳು ಹುಟ್ಟಿದ ಬಗೆ

ರಾಗಿಯ ಒಕ್ಕಣೆ ಮುಗಿದು ಕಣಗಳು ಬರಿದಾದುವೆಂದರೆ, ಕಡೂರು ತಾಲ್ಲೂಕಿನ ಯಗಟಿಯೇ ಮೊದಲಾದ ಬಯಲುಸೀಮೆಯ ಹಳ್ಳಿಗಳಲ್ಲಿ ಹುಡುಗರಿಗೆ ಆಟದ ಬಯಲೊಂದು ತಾನಾಗಿ ಒದಗಿಬರುತ್ತಿತ್ತು. ಗಟ್ಟಿನೆಲದಲ್ಲಿ ಒಂದು ಗುಣಿ ತೋಡುವುದು; ಅದರ ಮೇಲೆ ಅಡ್ಡಲಾಗಿ ಚಿನ್ನಿಯನ್ನಿಡುವುದು; ಮೊಳದುದ್ದದ ದಾಂಡಿನಿಂದ ಅದನ್ನು ದೂರಕ್ಕೆ ಚಿಮ್ಮುವುದು. ಎದುರು ಪಕ್ಷದವರು ಅದನ್ನು ಗಾಳಿಯಲ್ಲಿಯೇ ಹಿಡಿದರೆ ಆಡುವವನು ಔಟ್. ಹಿಡಿಯದಿದ್ದರೆ, ಚಿನ್ನಿ ಬಿದ್ದ ಜಾಗದಿಂದ ಅದನ್ನು ಗುಣಿಯ ಮೇಲಿರಿಸಿದ ದಾಂಡಿಗೆ ಗುರಿಯಿಟ್ಟು ಎಸೆಯುತ್ತಾರೆ, ತಗುಲಿದರೂ ಔಟ್. ಈ ಎರಡು ಗಂಡಗಳನ್ನು ದಾಟಿದವನಿಗೆ ನಿಜವಾದ ಆಟ ಆಮೇಲೆ. ನೆಲದ ಮೇಲಿರುವ ಚಿನ್ನಿಯ ಚೂಪು ತುದಿಯನ್ನು ದಾಂಡಿನಿಂದ ಕುಟ್ಟಿ, ಅದು ಮೇಲಕ್ಕೆ ನೆಗೆದಾಗ ಬೀಸಿ ಹೊಡೆಯಬೇಕು. ಅದಕ್ಕೆ ಮೂರು ಅವಕಾಶ. ಮೂರರಲ್ಲಿಯೂ ತಪ್ಪಿದರೆ ಸರದಿ ಹೋಯಿತು. ಊರಿಂದೂರಿಗೆ ವಿವರಗಳಲ್ಲಿ ಅಷ್ಟಿಷ್ಟು ವ್ಯತ್ಯಾಸವುಂಟಾದರೂ ಆಟದ ಎಲುಬುಗೂಡು ಇದೇ.

ಈ ಎಲುಬುಗೂಡನ್ನು ಬೇಸ್‌ಬಾಲ್ ಬಲ್ಲ ಅಮೆರಿಕದವನೊಬ್ಬನ ಮುಂದಿಟ್ಟರೆ ಅವನು ಇದರಲ್ಲಿ ತನ್ನ ಆಟದ ಅರ್ಧಭಾಗವನ್ನು ಗುರುತಿಸಿಯಾನು. ಗಾಳಿಯಲ್ಲಿ ಹಿಡಿದರೆ ಔಟ್. ಮೂರು ಸಲ ತಪ್ಪಿದರೆ ಔಟ್. ಉಳಿದರ್ಧವೂ ನಮ್ಮಲ್ಲಿ ಇಲ್ಲದ್ದೇನಲ್ಲ, ಬೇರೆ ಆಟಗಳಲ್ಲಿ ಹಂಚಿಹೋಗಿದೆ. ದೇವಸ್ಥಾನದ ಪ್ರಾಕಾರದಲ್ಲಿಯೋ ತೊಟ್ಟಿಮನೆಯ ಪಡಸಾಲೆಯಲ್ಲಿಯೋ ಮಕ್ಕಳಾಡುವ ಕಂಬದಾಟವನ್ನು ನೋಡಿ. ನಾಲ್ಕು ಕಂಬ, ಐದು ಮಂದಿ. ಕಂಬವನ್ನು ಮುಟ್ಟಿಕೊಂಡಿರುವವರೆಗೆ ಯಾರ ಭಯವೂ ಇಲ್ಲ. ಒಂದು ಕಂಬದಿಂದ ಇನ್ನೊಂದಕ್ಕೆ ಓಡುವ ಆ ನಡುವಿನ ನಾಲ್ಕು ಹೆಜ್ಜೆಯಲ್ಲಿಯೇ ಅಪಾಯವೆಲ್ಲ. ಬೇಸ್‌ಬಾಲಿನ ‘ಬೇಸ್’ ಎಂದರೆ ಇಂಥದೊಂದು ಕಂಬವಲ್ಲದೆ ಬೇರೇನೂ ಅಲ್ಲ. ಇನ್ನು ಲಗೋರಿ. ಅಲ್ಲಿ ಓಡುವವನ ಮೈಗೆ ಚೆಂಡು ಬಿಸುಟು ಹೊಡೆದರೆ ಅವನು ಔಟ್. ಬೇಸ್‌ಬಾಲಿನ ಪೂರ್ವಜರಲ್ಲಿಯೂ ಈ ಕಟ್ಟಳೆಯೇ ಇದ್ದಿತು. ಅದನ್ನು ಕೈಬಿಟ್ಟ ದಿನದಿಂದಲೇ ಆ ಆಟ ಈಗಿನ ರೂಪಕ್ಕೆ ತಿರುಗಿತೆಂಬುದನ್ನು ಮುಂದೆ ನೋಡುತ್ತೇವೆ.

ಮೊದಲು ಆಟವನ್ನು ಅರಿಯದವರಿಗಾಗಿ ಎರಡು ಮಾತು. ಬಯಲಿನಲ್ಲಿ 90 ಅಡಿ ಪಕ್ಕದ ಒಂದು ಚೌಕ. ಅದರ ನಾಲ್ಕು ಮೂಲೆಗಳೇ ನಾಲ್ಕು ನೆಲೆಗಳು. ಒಂದು ಮೂಲೆ ‘ಮನೆ’. ದಾಂಡಿಗನು ಅಲ್ಲಿ ನಿಲ್ಲುತ್ತಾನೆ. ಚೌಕದ ನಡುವಿನಿಂದ ಪಿಚರ್ ಎಂಬ ಎಸೆಗಾರ ಚೆಂಡನ್ನು ಎಸೆಯುತ್ತಾನೆ. ಚೆಂಡು ನೆಲಕ್ಕೆ ಬಡಿಯದೆ ನೇರವಾಗಿ ಬರುತ್ತದೆ. ಹೊಡೆದವನು ನೆಲೆಯಿಂದ ನೆಲೆಗೆ ಓಡಿ ಸುತ್ತು ಹಾಕಿ ಮನೆಗೆ ಮರಳಿದರೆ ಒಂದು ರನ್. ಮೂವರು ಔಟಾದರೆ ಪಕ್ಷದ ಸರದಿ ಮುಗಿಯಿತು. ಪ್ರತಿ ಪಕ್ಷಕ್ಕೂ ಒಂಬತ್ತು ಮಂದಿ, ಒಂಬತ್ತು ಸರದಿ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದರಲ್ಲಿ ಎರಡು ಸಂಗತಿಗಳು ವಿಚಿತ್ರವಾಗಿ ಕಾಣುತ್ತವೆ. ಕ್ರಿಕೆಟ್ಟಿನಲ್ಲಿ ಚೆಂಡನ್ನು ಸುತ್ತ ಯಾವ ದಿಕ್ಕಿಗಾದರೂ ಹೊಡೆಯಬಹುದು. ಹೊಡೆದೂ ಓಡದೆ ನಿಲ್ಲಬಹುದು. ಬೇಸ್‌ಬಾಲಿನಲ್ಲಿ ಎರಡೂ ಸಲ್ಲದು. ಮನೆಯಿಂದ ಹೊರಟ ಎರಡು ಗೆರೆಗಳ ನಡುವೆ, ಎಂದರೆ ಒಂದು ಸಮಕೋನದೊಳಗೆ, ಚೆಂಡು ಬೀಳಬೇಕು. ಹಾಗೆ ಬಿದ್ದರೆ ದಾಂಡಿಗನು ಓಡಿಯೇ ತೀರಬೇಕು. ನನ್ನ ಎಣಿಕೆಯಲ್ಲಿ ಈ ಎರಡೇ ಬೇಸ್‌ಬಾಲನ್ನು ಬೇಸ್‌ಬಾಲಾಗಿ ಮಾಡಿರುವ ಕಟ್ಟಳೆಗಳು. ಓಡಲೇಬೇಕೆಂಬ ಒತ್ತಾಯವಿರುವುದರಿಂದಲೇ, ಓಡುವವನಿಗಿಂತ ಮೊದಲು ಚೆಂಡನ್ನು ನೆಲೆಗೆ ತಲುಪಿಸಿದರೆ ಸಾಕು, ಅವನು ಔಟ್. ಹಿಂದಿನಿಂದ ಬರುವವನಿಗೆ ಜಾಗ ಬಿಡಬೇಕಾದ್ದರಿಂದ ಮುಂದಿನ ನೆಲೆಯಲ್ಲಿರುವವನೂ ಓಡಬೇಕಾಗುತ್ತದೆ. ಒಂದೇ ಹೊಡೆತಕ್ಕೆ ಇಬ್ಬರು ಔಟಾಗುವುದು ಹೀಗೆ.

ಇಷ್ಟೆಲ್ಲವನ್ನು ಕಂಡುಹಿಡಿದವರು ಯಾರು? 1905ರಲ್ಲಿ ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಬಗೆಹರಿಸಲು ಒಂದು ಸಮಿತಿಯೇ ನೇಮಕವಾಯಿತು. ಹಿನ್ನೆಲೆ ಸ್ವಾರಸ್ಯವಾಗಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಹೆನ್ರಿ ಚಾಡ್ವಿಕ್ ಎಂಬ ಪತ್ರಕರ್ತನು, ಬೇಸ್‌ಬಾಲ್ ಇಂಗ್ಲೆಂಡಿನ ‘ರೌಂಡರ್ಸ್’ ಎಂಬ ಮಕ್ಕಳಾಟದಿಂದ ಬಂದದ್ದೆಂದು 1903ರಲ್ಲಿ ಬರೆದನು. ಹಿಂದೆ ಹೆಸರಾಂತ ಎಸೆಗಾರನಾಗಿದ್ದು, ಆಮೇಲೆ ಆಟದ ಸಾಮಾನುಗಳ ವ್ಯಾಪಾರದಲ್ಲಿ ಶ್ರೀಮಂತನಾದ ಆಲ್ಬರ್ಟ್ ಸ್ಪಾಲ್ಡಿಂಗನಿಗೆ ಇದು ಸಹನೆಯಾಗಲಿಲ್ಲ. ರಾಷ್ಟ್ರದ ಆಟಕ್ಕೆ ಪರದೇಶದ ಹೆತ್ತವರೆ! ಸಮಿತಿ ಕುಳಿತದ್ದು ಅವನ ಪ್ರೇರಣೆಯಿಂದ. 1907ರ ಕೊನೆಯಲ್ಲಿ ಅದು ಕೊಟ್ಟ ತೀರ್ಪಿನಂತೆ, 1839ರಲ್ಲಿ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ಆಬ್ನರ್ ಡಬಲ್‌ಡೇ ಎಂಬಾತ ಈ ಆಟವನ್ನು ನಿರ್ಮಿಸಿದನು. ಸಾಕ್ಷ್ಯವೇನು? ವೃದ್ಧರೊಬ್ಬರು ಅರುವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಬಾಲ್ಯವನ್ನು ನೆನೆದು ಬರೆದ ಕಾಗದ. ಡಬಲ್‌ಡೇ ಆ ವರ್ಷ ವೆಸ್ಟ್ ಪಾಯಿಂಟಿನ ಸೈನಿಕ ಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದನು. ಮುಂದೆ ಸೇನಾಪತಿಯಾಗಿ ಹೆಸರಾದ ಆತ ತಾನು ಇಂಥ ಆಟವೊಂದನ್ನು ನಿರ್ಮಿಸಿದೆನೆಂದು ಎಲ್ಲಿಯೂ ಹೇಳಿಕೊಂಡಿರಲಿಲ್ಲ. ಆದರೂ ಕಥೆ ಗಟ್ಟಿಯಾಗಿ ಬೇರೂರಿತು. 1939ರಲ್ಲಿ ಆಟದ ಕೀರ್ತಿಮಂದಿರವನ್ನು ಕೂಪರ್ಸ್‌ಟೌನಿನಲ್ಲಿಯೇ ತೆರೆದರು. ಕಥೆ ಬಿದ್ದುಹೋದರೂ ಕಟ್ಟಡ ನಿಂತಿದೆ.

ಮುದ್ರಿತ ಕಾಗದಗಳು ಬೇರೆ ಕಥೆಯನ್ನು ಹೇಳುತ್ತವೆ. 1744ರಲ್ಲಿ ಲಂಡನ್ನಿನ ಜಾನ್ ನ್ಯೂಬರಿ ಪ್ರಕಟಿಸಿದ ಮಕ್ಕಳ ಪುಟ್ಟ ಪುಸ್ತಕವೊಂದರಲ್ಲಿ ‘ಬೇಸ್‌ಬಾಲ್’ ಎಂಬ ಹೆಸರೂ ಚಿತ್ರವೂ ಇವೆ. ಚಿತ್ರದಲ್ಲಿ ನೆಲೆಗಳ ಬದಲು ಕಂಬಗಳಿವೆ. 1755ರ ಈಸ್ಟರ್ ಸೋಮವಾರ ತಾನು ಬೇಸ್‌ಬಾಲ್ ಆಡಿದೆನೆಂದು ವಿಲಿಯಂ ಬ್ರೇ ಎಂಬ ಆಂಗ್ಲ ಯುವಕ ದಿನಚರಿಯಲ್ಲಿ ಬರೆದಿದ್ದಾನೆ. ಜೇನ್ ಆಸ್ಟೆನ್ ಬರೆದ ‘ನಾರ್ತಾಂಗರ್ ಆಬಿ’ ಕಾದಂಬರಿಯ ನಾಯಿಕೆಗೂ ಈ ಆಟ ಪ್ರಿಯ. ‘ರೌಂಡರ್ಸ್’ ಎಂಬ ಹೆಸರಾದರೋ 1828ರವರೆಗೆ ಅಚ್ಚಿನಲ್ಲಿ ಕಾಣಿಸಿಕೊಳ್ಳುವುದಿಲ್ಲ. ಹೀಗೆ ಚಾಡ್ವಿಕ್ ದೇಶವನ್ನು ಸರಿಯಾಗಿ ಹೇಳಿದ, ಹೆಸರನ್ನು ತಪ್ಪಿ ಹೇಳಿದ. ಸ್ಪಾಲ್ಡಿಂಗ್ ಎರಡನ್ನೂ ತಪ್ಪಿದ. ಆದರೆ ಅವನ ವಾದದಲ್ಲಿ ಒಂದು ಎಳೆ ನಮಗೆ ಬೇಕಾದದ್ದು. ಅಮೆರಿಕದ ಮಕ್ಕಳು ಆಡುತ್ತಿದ್ದ ‘ಓಲ್ಡ್ ಕ್ಯಾಟ್’ ಎಂಬ ಆಟವೇ ಬೇಸ್‌ಬಾಲಿನ ಮೂಲವೆಂದು ಅವನು ಸಾಧಿಸುತ್ತಿದ್ದ. ಈ ‘ಕ್ಯಾಟ್’ ಬೆಕ್ಕಲ್ಲ. ಇಂಗ್ಲೆಂಡಿನಲ್ಲಿ ಎರಡು ತುದಿ ಚೂಪಾದ ಮರದ ತುಂಡಿಗೆ, ಎಂದರೆ ಸಾಕ್ಷಾತ್ ಚಿನ್ನಿಗೆ, ‘ಕ್ಯಾಟ್’ ಎಂದು ಹೆಸರು. ಹದಿನೇಳನೆಯ ಶತಮಾನದ ಧರ್ಮಬೋಧಕ ಜಾನ್ ಬನ್ಯನ್, ಭಾನುವಾರ ಈ ಆಟದಲ್ಲಿ ಮುಳುಗಿದ್ದಾಗಲೇ ತನಗೆ ಪಾಪಭಯ ಹುಟ್ಟಿತೆಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅಮೆರಿಕದಲ್ಲಿ ಮರದ ತುಂಡಿನ ಜಾಗಕ್ಕೆ ಚೆಂಡು ಬಂದರೂ ಹೆಸರು ಉಳಿಯಿತೆಂದು ತೋರುತ್ತದೆ. ಹಾಗಾದರೆ ಬೇಸ್‌ಬಾಲಿಗೆ ಚಿನ್ನಿದಾಂಡು ತಾಯಿಯಲ್ಲದಿದ್ದರೂ ದೂರದ ನೆಂಟನೆನ್ನಲು ಅಡ್ಡಿಯಿಲ್ಲ.

ಆಟಗಳ ವಂಶಾವಳಿಯನ್ನು ಹುಡುಕುವವರಿಗೆ ಮಾತುಗಳೂ ಸಾಕ್ಷಿ ನುಡಿಯುತ್ತವೆ. ಮಹಾರಾಷ್ಟ್ರದಲ್ಲಿ ಇದೇ ಆಟಕ್ಕೆ ವಿಟಿದಾಂಡು ಎನ್ನುತ್ತಾರೆ. ಅಲ್ಲಿ ದೂರವನ್ನು ಅಳೆಯುವಾಗ ‘ವಕಟ, ಲೇಂಡ, ಮುಂಡ, ನಾಲ’ ಎಂದು ಎಣಿಸುವ ರೂಢಿಯುಂಟು. ಮರಾಠಿಯ ಒಂದು, ಎರಡುಗಳಿಗೂ ಈ ಪದಗಳಿಗೂ ಸಂಬಂಧವಿಲ್ಲ. ತೆಲುಗಿನ ‘ಒಕಟಿ, ರೆಂಡು, ಮೂಡು, ನಾಲುಗು’ಗಳನ್ನೂ ನಮ್ಮ ‘ನಾಲ್ಕ’ನ್ನೂ ಬಲ್ಲವರಿಗೆ ಈ ಎಣಿಕೆ ಎತ್ತಣಿಂದ ಹೋದದ್ದೆಂದು ವಿವರಿಸಬೇಕಾಗಿಲ್ಲ. ರಾಜ್ಯಗಳ ಗಡಿಗಳು ಎಷ್ಟೋ ಸಲ ಬದಲಾದುವು. ಎಣಿಸುತ್ತ ಹೋದ ಹುಡುಗರು ಮಾತ್ರ ಹಳೆಯ ನುಡಿಯನ್ನು ಬಿಡಲಿಲ್ಲ.

ಬೇಸ್‌ಬಾಲಿನ ಭಾಗ್ಯವೆಂದರೆ ಅದರ ಕಟ್ಟಳೆಗಳನ್ನು ಯಾರೋ ಬರೆದಿಟ್ಟರು. ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ಬಿನ ಸದಸ್ಯರು 1845ರ ಸೆಪ್ಟೆಂಬರ್ 23ರಂದು ತಮ್ಮ ಆಟಕ್ಕೆ ಬರಹದ ನಿಯಮಗಳನ್ನು ಒಪ್ಪಿಕೊಂಡರು. ಅವರೇನೂ ಹೊಸ ಆಟವನ್ನು ಹುಟ್ಟಿಸಲಿಲ್ಲ. ಸುತ್ತಮುತ್ತ ಬಳಕೆಯಲ್ಲಿದ್ದ ಪದ್ಧತಿಗಳಲ್ಲಿ ಕೆಲವನ್ನು ಆರಿಸಿದರು, ಕೆಲವನ್ನು ತಳ್ಳಿದರು. ತಳ್ಳಿದ್ದರಲ್ಲಿ ಮುಖ್ಯವಾದದ್ದು ಲಗೋರಿಯ ಕಟ್ಟಳೆ. ಓಡುವವನ ಮೇಲೆ ಯಾವ ಕಾರಣಕ್ಕೂ ಚೆಂಡನ್ನು ಎಸೆಯಕೂಡದು. ಚೆಂಡು ಹಿಡಿದ ಕೈಯಿಂದ ಅವನನ್ನು ಮುಟ್ಟಬೇಕು, ಇಲ್ಲವೆ ಚೆಂಡು ಹಿಡಿದು ನೆಲೆಯಲ್ಲಿ ನಿಂತಿರಬೇಕು. ಇದರ ಪರಿಣಾಮವನ್ನು ಯೋಚಿಸಿ. ಮೈಗೆ ಹೊಡೆಯುವ ಆಟದಲ್ಲಿ ಚೆಂಡು ಮೆತ್ತಗಿರಬೇಕು, ಇಲ್ಲದಿದ್ದರೆ ಪಕ್ಕೆಲುಬು ಉಳಿಯುವುದಿಲ್ಲ. ನಮ್ಮ ಲಗೋರಿಗೆ ಬಟ್ಟೆಯ ಚೆಂಡೋ ರಬ್ಬರಿನ ಚೆಂಡೋ ಆಗುವುದು ಇದಕ್ಕಾಗಿಯೇ. ಮೆತ್ತನೆಯ ಚೆಂಡು ದೂರ ಹೋಗದು. ಎಸೆತವನ್ನು ನಿಷೇಧಿಸಿದೊಡನೆ ಚೆಂಡನ್ನು ಗಟ್ಟಿಯಾಗಿ ಸುತ್ತಬಹುದಾಯಿತು, ಗಟ್ಟಿಚೆಂಡು ದೂರ ಹಾರಿತು, ಬಯಲು ದೊಡ್ಡದಾಯಿತು, ಮಕ್ಕಳ ಆಟ ದೊಡ್ಡವರ ಆಟವಾಯಿತು. ಪಕ್ಕದ ಮ್ಯಾಸಚೂಸೆಟ್ಸಿನವರು ಮೈಗೆ ಹೊಡೆಯುವ ಪದ್ಧತಿಯನ್ನೇ ಹಿಡಿದು 1858ರಲ್ಲಿ ತಮ್ಮ ನಿಯಮಗಳನ್ನು ಬೇರೆಯಾಗಿ ಅಚ್ಚುಮಾಡಿಸಿದರು. ಅವರ ಆಟ ಕೆಲವೇ ವರ್ಷಗಳಲ್ಲಿ ಮರೆಯಾಯಿತು.

ಆ 1845ರ ಬರಹದಲ್ಲಿ ಲೆಕ್ಕದ ವಿದ್ಯಾರ್ಥಿಗಳಿಗೆ ಒಂದು ಚೋದ್ಯವಿದೆ. ಮನೆಯಿಂದ ಎರಡನೆಯ ನೆಲೆಗೆ, ಎಂದರೆ ಕರ್ಣದುದ್ದಕ್ಕೆ, 42 ಹೆಜ್ಜೆ ಇರಬೇಕೆಂದಿದೆ. ಹೆಜ್ಜೆ ಎಂದರೆಷ್ಟು? ಮೂರು ಅಡಿಯೆಂದರೆ ಕರ್ಣ 126 ಅಡಿ, ಪಕ್ಕ 89 ಅಡಿಯ ಸಮೀಪ. ಎರಡೂವರೆ ಅಡಿಯೆಂದರೆ ಪಕ್ಕ 74 ಅಡಿ. ಅಳತೆಗೋಲಿಲ್ಲದೆ ಹೆಜ್ಜೆಯನ್ನೇ ಅಳತೆಯಾಗಿ ಮಾಡಿದಾಗ ಉದ್ದಕಾಲಿನವನ ಬಯಲು ಬೇರೆ, ಗಿಡ್ಡಕಾಲಿನವನ ಬಯಲು ಬೇರೆ. ಊರೊಳಗೆ ಆಡುವವರೆಗೆ ಇದರಿಂದ ತೊಂದರೆಯಿಲ್ಲ; ಊರೂರಿಗೆ ಪಂದ್ಯ ನಡೆದಾಗಲೇ ಜಗಳ. 1857ರಲ್ಲಿ ಕ್ಲಬ್ಬುಗಳ ಪ್ರತಿನಿಧಿಗಳು ಸಭೆ ಸೇರಿದಾಗ, ಅಧ್ಯಕ್ಷನಾಗಿದ್ದ ಡಾಕ್ಟರ್ ಡೇನಿಯಲ್ ಲೂಷಿಯಸ್ ಆಡಮ್ಸ್ ಎಂಬ ವೈದ್ಯನು ಈ ಅನಿಶ್ಚಯವನ್ನು ಕೊನೆಗಾಣಿಸಿದನು: ನೆಲೆಯಿಂದ ನೆಲೆಗೆ 30 ಗಜ. ಅಂದಿನಿಂದ ಆ 90 ಅಡಿ ಕದಲಿಲ್ಲ. ಅಲ್ಲಿಯವರೆಗೆ ಮೊದಲು 21 ಎಣಿಕೆ ಮುಟ್ಟಿದವರು ಗೆದ್ದಂತೆ. ಆ ಸಭೆ ಒಂಬತ್ತು ಸರದಿಗಳ ಲೆಕ್ಕವನ್ನು ತಂದಿತು. ಆಡಮ್ಸ್ ಕೈಯಾರೆ ಬರೆದ ಕರಡು 2016ರಲ್ಲಿ ಹರಾಜಾದಾಗ ಅದರ ಬೆಲೆ 32 ಲಕ್ಷ ಡಾಲರುಗಳನ್ನು ಮೀರಿತು. ಯಗಟಿಯ ಕಣದಲ್ಲಿ ಚಿನ್ನಿ ಎಷ್ಟು ದಾಂಡು ದೂರ ಬಿದ್ದರೆ ಎಷ್ಟು ಎಣಿಕೆ, ಪಕ್ಕದ ಊರಿನಲ್ಲಿ ಎಷ್ಟು ಎಂಬುದಕ್ಕೆ ಒಂದು ಹಾಳೆಯ ಬರಹವೂ ಬೇಕಾಗಿರಲಿಲ್ಲ. ಆಡುವ ಹುಡುಗರಿಗೆಲ್ಲ ಬಾಯಿಪಾಠವಾಗಿತ್ತು. ಆ ಹುಡುಗರು ಈಗ ಅಜ್ಜಂದಿರಾಗಿದ್ದಾರೆ, ಮೊಮ್ಮಕ್ಕಳು ಅದೇ ಬಯಲಿನಲ್ಲಿ ಕ್ರಿಕೆಟ್ ಆಡುತ್ತಾರೆ. ಕಾಲೇಜಿನ ಹುಡುಗನೊಬ್ಬ ರಜೆಯಲ್ಲಿ ಒಂದು ನೋಟುಪುಸ್ತಕ ಹಿಡಿದು ಅವರ ಜಗಲಿಯಲ್ಲಿ ಕುಳಿತರೆ, ಆಡಮ್ಸ್ ಮಾಡಿದ ಕೆಲಸದ ಮೊದಲ ಭಾಗ ಮುಗಿದಂತೆ.

90 ಅಡಿಯ ಗುಟ್ಟೇನು? ಒಳ್ಳೆಯ ಓಟಗಾರ ಹೊಡೆದ ಮೇಲೆ ಮೊದಲ ನೆಲೆ ಮುಟ್ಟಲು ನಾಲ್ಕು ಸೆಕೆಂಡು, ಮತ್ತೊಂದಿಷ್ಟು ಬೇಕು. ನೆಲದ ಮೇಲೆ ಉರುಳುವ ಚೆಂಡು ಕಾವಲುಗಾರನನ್ನು ತಲುಪಲು ಸುಮಾರು ಎರಡು ಸೆಕೆಂಡು. ಅವನು ಬಾಗಿ ಎತ್ತಿ ಗುರಿ ಹಿಡಿಯಲು ಒಂದು. ಎಸೆದ ಚೆಂಡು 120 ಅಡಿ ದಾಟಲು ಒಂದಕ್ಕಿಂತ ಸ್ವಲ್ಪ ಹೆಚ್ಚು. ಎರಡು ಲೆಕ್ಕಗಳೂ ಹೆಚ್ಚುಕಡಿಮೆ ಒಂದೇ! ಚೌಕ ಹತ್ತಡಿ ಚಿಕ್ಕದಾಗಿದ್ದರೆ ಓಟಗಾರ ಸದಾ ಗೆಲ್ಲುತ್ತಿದ್ದ, ಹತ್ತಡಿ ದೊಡ್ಡದಾಗಿದ್ದರೆ ಸದಾ ಸೋಲುತ್ತಿದ್ದ. ಆಡಮ್ಸನ ಕೈಯಲ್ಲಿ ಸೆಕೆಂಡುಗಳ ಲೆಕ್ಕವೇನೂ ಇರಲಿಲ್ಲ. ಅನುಭವದಿಂದ ಹದ ಕಂಡುಕೊಂಡಿದ್ದನಷ್ಟೆ. ಆಟಗಾರರ ವೇಗ ಹೆಚ್ಚಿದಂತೆ ಎಸೆಯುವವರ ತೋಳಿನ ಬಲವೂ ಹೆಚ್ಚಿತಾಗಿ, ತಕ್ಕಡಿ ಇಂದಿಗೂ ಸಮನಾಗಿಯೇ ನಿಂತಿದೆ.

ಎಸೆಗಾರನಿಗೂ ದಾಂಡಿಗನಿಗೂ ನಡುವಿನ ತಕ್ಕಡಿ ಮಾತ್ರ ಹೀಗೆ ಸುಲಭವಾಗಿ ನಿಲ್ಲಲಿಲ್ಲ. ಮೊದಮೊದಲು ಎಸೆಗಾರನೆಂದರೆ ದಾಂಡಿಗನ ಸೇವಕ. ಕೈಯನ್ನು ಕೆಳಗಿನಿಂದ ಬೀಸಿ, ಮಣಿಕಟ್ಟು ತಿರುಗಿಸದೆ, ಹೊಡೆಯಲು ಅನುಕೂಲವಾಗುವಂತೆ ಚೆಂಡನ್ನು ಒಪ್ಪಿಸುವುದು ಅವನ ಕರ್ತವ್ಯ. 1871ರಿಂದ 1886ರವರೆಗಂತೂ ತನಗೆ ಎತ್ತರದ ಚೆಂಡು ಬೇಕೋ ತಗ್ಗಿನದು ಬೇಕೋ ಎಂದು ದಾಂಡಿಗ ಕೇಳಿ ಪಡೆಯಬಹುದಾಗಿತ್ತು. ಈ ವಿಧೇಯತೆಯನ್ನು ಮುರಿದವರಲ್ಲಿ ಮೊದಲಿಗನು ಬ್ರೂಕ್ಲಿನ್ನಿನ ಜಿಮ್ ಕ್ರೈಟನ್. ನಿಯಮದ ಕಣ್ಣಿಗೆ ಕಾಣದಂತೆ ಮಣಿಕಟ್ಟನ್ನು ಆಡಿಸಿ ಅವನು ಕೊಡುತ್ತಿದ್ದ ವೇಗದ ಮುಂದೆ ದಾಂಡಿಗರು ತತ್ತರಿಸಿದರು. 1862ರಲ್ಲಿ 21ನೆಯ ವಯಸ್ಸಿಗೇ ಅವನು ತೀರಿಕೊಂಡ. ಆದರೆ ಅಷ್ಟರಲ್ಲಿ ಆಟ ಬದಲಾಗಿಹೋಗಿತ್ತು. ಹೊಡೆಯಲಾಗದವರು ಬೀಸದೆ ಸುಮ್ಮನೆ ನಿಂತರು; ಎಸೆಗಾರರು ನಿಲುಕದ ಕಡೆ ಎಸೆದು ಆಸೆ ತೋರಿಸಿದರು; ಪಂದ್ಯ ಮುಂದೆ ಸಾಗದಾಯಿತು. ಇಲ್ಲಿಯೇ ಹುಟ್ಟಿದ್ದು ಬೇಸ್‌ಬಾಲಿನ ಪ್ರಸಿದ್ಧವಾದ ‘ಸ್ಟ್ರೈಕ್’ ಮತ್ತು ‘ಬಾಲ್’ ಎಂಬ ಎಣಿಕೆಗಳು. ಒಳ್ಳೆಯ ಚೆಂಡನ್ನು ಬೀಸದೆ ಬಿಟ್ಟರೂ ಬೀಸಿ ತಪ್ಪಿದಂತೆಯೇ ಎಂದು 1858ರಲ್ಲಿ ನಿಯಮವಾಯಿತು. ಕೆಟ್ಟ ಚೆಂಡುಗಳನ್ನೆಸೆದರೆ ದಾಂಡಿಗನಿಗೆ ಮೊದಲ ನೆಲೆ ಪುಕ್ಕಟೆಯೆಂಬ ನಿಯಮ 1864ರ ಆಟಗಾಲದಿಂದ ಬಂತು. ಎಷ್ಟು ಕೆಟ್ಟ ಚೆಂಡು? 1879ರಲ್ಲಿ ಒಂಬತ್ತು. ಚೌಕಾಸಿ ನಡೆಯುತ್ತ ನಡೆಯುತ್ತ 1889ರಲ್ಲಿ ನಾಲ್ಕಕ್ಕೆ ಇಳಿದು ನಿಂತಿತು. ಚಿನ್ನಿದಾಂಡಿನ ಮೂರಕ್ಕೂ ಒಮ್ಮೆ ಧಕ್ಕೆ ಬಂದಿತ್ತು. 1887ರಲ್ಲಿ ನಾಲ್ಕು ಸ್ಟ್ರೈಕುಗಳೆಂದು ಮಾಡಿ ನೋಡಿದರು. ಒಂದೇ ವರ್ಷ. ಮರುವರ್ಷ ಮೂರಕ್ಕೇ ಮರಳಿದರು.

1884ರಲ್ಲಿ ಕೈಯನ್ನು ತಲೆಯ ಮೇಲಿನಿಂದ ಬೀಸಿ ಎಸೆಯಲು ರಾಷ್ಟ್ರೀಯ ಲೀಗು ಅನುಮತಿಸಿದಾಗ ತಕ್ಕಡಿ ಎಸೆಗಾರನ ಕಡೆಗೆ ವಾಲಿತು. ಏಮಸ್ ರೂಸಿಯಂಥ ತರುಣರ ವೇಗಕ್ಕೆ ದಾಂಡಿಗರು ಹೆದರತೊಡಗಿದರು. 1893ರಲ್ಲಿ ಎಸೆಗಾರನನ್ನು ಹಿಂದಕ್ಕೆ ಸರಿಸಿ, ಮನೆಯಿಂದ 60 ಅಡಿ 6 ಅಂಗುಲ ದೂರದಲ್ಲಿ ಕಾಲೂರಬೇಕೆಂದು ಗೊತ್ತುಮಾಡಿದರು. ಈ ಆರಂಗುಲದ ಬಗ್ಗೆ ಒಂದು ಕಟ್ಟುಕಥೆಯುಂಟು: ನಕ್ಷೆಯಲ್ಲಿ 60 ಅಡಿ 0 ಅಂಗುಲವೆಂದಿದ್ದುದನ್ನು ಅಳೆಯುವವನು 6 ಎಂದು ಓದಿಕೊಂಡನಂತೆ. ಕೇಳಲು ಸೊಗಸು, ನಿಜವಲ್ಲ. ಮೊದಲು ಎಸೆಗಾರನ ಹಿಂಗಾಲು 55 ಅಡಿ 6 ಅಂಗುಲದ ಗೆರೆಯ ಮೇಲಿರಬೇಕಾಗಿತ್ತು. ಅದಕ್ಕೆ ಐದಡಿ ಕೂಡಿಸಿದರು, ಅಷ್ಟೇ. ಪರಿಣಾಮವನ್ನು ಅಂಕಿಗಳಲ್ಲಿ ನೋಡಬಹುದು. ಸಾವಿರ ಅವಕಾಶಗಳಲ್ಲಿ ಯಶಸ್ವಿಯಾದ ಹೊಡೆತಗಳು ಎಷ್ಟೆಂದು ಲೀಗಿನ ಸರಾಸರಿ ತೆಗೆದರೆ, 1892ರಲ್ಲಿ 245, 1893ರಲ್ಲಿ 280, 1894ರಲ್ಲಿ 309. ಐದಡಿ ನೆಲಕ್ಕೆ ಇಷ್ಟು ಬೆಲೆ! ಈಗಿನ ಎಸೆಗಾರ ಮುಂದಕ್ಕೆ ಕಾಲು ಚಾಚಿ ಚೆಂಡನ್ನು ಕೈಬಿಡುವಾಗ ಮನೆಗೆ ಸುಮಾರು 55 ಅಡಿ ಉಳಿದಿರುತ್ತದೆ. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಆ ದೂರಕ್ಕೆ ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗ ಸಾಕು. ನಮ್ಮ ಚಿನ್ನಿ ಒಂದು ಮೀಟರ್ ಎತ್ತರಕ್ಕೆ ನೆಗೆದು ಮತ್ತೆ ನೆಲ ಮುಟ್ಟಲು ಹತ್ತರಲ್ಲಿ ಒಂಬತ್ತು ಭಾಗ ಬೇಕು. ಕಾಲಾವಕಾಶ ಎರಡರಷ್ಟು ಹೆಚ್ಚೆಂದು ಯಾರೂ ಹೀಗಳೆಯಬೇಡಿ. ಬೇಸ್‌ಬಾಲಿನ ಚೆಂಡು ದುಂಡಗಿದೆ, ಚಿನ್ನಿಯಾದರೋ ಗಿರಿಗಿರಿ ತಿರುಗುತ್ತಿರುತ್ತದೆ.

ಪ್ರಾಣಿಗಳ ದೇಹದಲ್ಲಿ ಉಪಯೋಗ ತೀರಿದ ಅಂಗಗಳು ಉಳಿದುಕೊಂಡಿರುವಂತೆ ಆಟಗಳಲ್ಲಿಯೂ ಉಳಿಯುತ್ತವೆ. ಬೇಸ್‌ಬಾಲಿನಲ್ಲಿ ಮೂರನೆಯ ಸ್ಟ್ರೈಕಿನ ಚೆಂಡನ್ನು ಹಿಂದಿರುವ ಹಿಡಿಗಾರ ನೆಲಕ್ಕೆ ಬೀಳದಂತೆ ಹಿಡಿದರೆ ಮಾತ್ರ ದಾಂಡಿಗ ಔಟ್. ಬೀಳಿಸಿದರೆ, ಕೆಲವು ಸಂದರ್ಭಗಳಲ್ಲಿ, ದಾಂಡಿಗ ಮೊದಲ ನೆಲೆಗೆ ಓಡಬಹುದು. ಹೊಡೆಯಲು ಸೋತವನಿಗೆ ಓಡುವ ಹಕ್ಕೇಕೆ? ಉತ್ತರ 1796ರಲ್ಲಿದೆ. ಜರ್ಮನಿಯ ವ್ಯಾಯಾಮಗುರು ಗುಟ್ಸ್‌ಮೂತ್ಸ್ ಆ ವರ್ಷ ಪ್ರಕಟಿಸಿದ ಆಟಗಳ ಗ್ರಂಥದಲ್ಲಿ ಆಂಗ್ಲರ ಬೇಸ್‌ಬಾಲಿನ ವರ್ಣನೆಯಿದೆ. ಅಲ್ಲಿ ಮೂರನೆಯ ಸಲ ದಾಂಡು ತಗುಲಲಿ ಬಿಡಲಿ, ಚೆಂಡು ಆಟಕ್ಕೆ ಬಂದಂತೆಯೇ, ದಾಂಡಿಗ ಓಡಲೇಬೇಕು. ಮೂರು ಸಲ ತಪ್ಪಿದವನು ಔಟೆಂಬ ಭಾವನೆ ಆಮೇಲೆ ಬಂದದ್ದು. ಓಡಲೇಬೇಕೆಂಬ ಆ ಹಳೆಯ ಕಟ್ಟಳೆಯ ಬಾಲ ಮಾತ್ರ ಉದುರದೆ ಉಳಿದಿದೆ. ಅದರಿಂದಾಗಿ ಒಂದೇ ಸರದಿಯಲ್ಲಿ ಮೂರರ ಬದಲು ನಾಲ್ಕು ಮಂದಿಗೆ ಮೂರು ಸ್ಟ್ರೈಕುಗಳಾಗುವ ಅಪೂರ್ವ ಪ್ರಸಂಗಗಳು ಇಂದಿಗೂ ನಡೆಯುತ್ತವೆ.

ಇನ್ನು ಕೆಲವು ಕಟ್ಟಳೆಗಳು ಹುಟ್ಟಿದ್ದು ಮೋಸವನ್ನು ತಡೆಯಲು. ಮೊದಲೆರಡು ನೆಲೆಗಳಲ್ಲಿ ಓಟಗಾರರಿರುವಾಗ ಹತ್ತಿರದಲ್ಲಿಯೇ ಎತ್ತರಕ್ಕೆ ಹೋದ ಚೆಂಡನ್ನು ಕಾವಲುಗಾರ ಬೇಕೆಂದೇ ಕೈಬಿಟ್ಟರೆ, ಹಿಡಿದೇ ಹಿಡಿಯುತ್ತಾನೆಂದು ನಿಂತಿದ್ದ ಓಟಗಾರರು ಸಿಕ್ಕಿಬೀಳುತ್ತಾರೆ. ಒಂದು ಔಟಿನ ಬದಲು ಎರಡು. 1890ರ ದಶಕದಲ್ಲಿ ಇದನ್ನು ತಡೆದರು: ಅಂಥ ಚೆಂಡು ಮೇಲೆ ಹೋದೊಡನೆ, ಹಿಡಿದರೂ ಬಿಟ್ಟರೂ, ದಾಂಡಿಗ ಔಟೆಂದು ತೀರ್ಪುಗಾರ ಕೂಗಿಬಿಡುತ್ತಾನೆ.

ತೀರ್ಪುಗಾರನ ಕೆಲಸಗಳಲ್ಲೆಲ್ಲ ಕಠಿನವಾದದ್ದು ‘ಒಳ್ಳೆಯ ಚೆಂಡು’ ಯಾವುದೆಂದು ಹೇಳುವುದು. ಕ್ರಿಕೆಟ್ಟಿನಲ್ಲಿ ವಿಕೆಟ್ಟು ಕಣ್ಣೆದುರಿಗೆ ನಿಂತಿದೆ. ಬೇಸ್‌ಬಾಲಿನ ವಿಕೆಟ್ಟು ಗಾಳಿಯಲ್ಲಿ ಕಲ್ಪಿಸಿಕೊಂಡದ್ದು. ಮನೆಯ ಫಲಕದ ಅಗಲ 17 ಅಂಗುಲ. ಎತ್ತರ ದಾಂಡಿಗನ ಮೊಣಕಾಲಿನಿಂದ ಎದೆಯ ಕೆಳಭಾಗದವರೆಗೆ. ಆಳಿನಿಂದಾಳಿಗೆ ಬದಲಾಗುವ ಈ ಕಾಣದ ಕಿಟಕಿಯ ಮೂಲಕ ಚೆಂಡು ಹಾದುಹೋಯಿತೆ ಇಲ್ಲವೆ ಎಂಬುದನ್ನು ತೀರ್ಪುಗಾರನ ಕಣ್ಣೊಂದೇ ಒಂದೂವರೆ ಶತಮಾನಕ್ಕೂ ಮಿಗಿಲಾಗಿ ನಿರ್ಧರಿಸುತ್ತಿತ್ತು. 2025ರಲ್ಲಿ ಅಮೆರಿಕದ ಪ್ರಧಾನ ಲೀಗುಗಳವರು ಇದಕ್ಕೊಂದು ಮೇಲ್ಮನವಿಯ ದಾರಿಯನ್ನು ಒಪ್ಪಿದರು, 2026ರ ಆಟಗಾಲಕ್ಕೆ ಅನ್ವಯಿಸುವಂತೆ. ಬಯಲಿನ ಸುತ್ತ ಇರಿಸಿದ ಕ್ಯಾಮರಾಗಳು ಚೆಂಡಿನ ದಾರಿಯನ್ನು ಅಳೆಯುತ್ತವೆ. ಕಿಟಕಿಯ ಮೇಲಂಚು ದಾಂಡಿಗನ ಎತ್ತರದ ನೂರರಲ್ಲಿ ಐವತ್ತಮೂರೂವರೆ ಭಾಗ, ಕೆಳಅಂಚು ಇಪ್ಪತ್ತೇಳು ಭಾಗ. ಆರಡಿ ಆಳಿಗೆ ಲೆಕ್ಕ ಹಾಕಿದರೆ ನೆಲದಿಂದ ಹತ್ತೊಂಬತ್ತೂವರೆ ಅಂಗುಲಕ್ಕೆ ಆರಂಭವಾಗಿ ಮೂವತ್ತೆಂಟೂವರೆಗೆ ಮುಗಿಯುತ್ತದೆ. ಪಂದ್ಯದ ಆರಂಭದಲ್ಲಿ ಪ್ರತಿ ಪಕ್ಷಕ್ಕೂ ಎರಡು ಮನವಿಗಳು. ಮನವಿ ಗೆದ್ದರೆ ಅದು ಕಳೆಯುವುದಿಲ್ಲ. ದಾಂಡಿಗ, ಎಸೆಗಾರ, ಹಿಡಿಗಾರ ಈ ಮೂವರು ಮಾತ್ರ ಕೇಳಬಹುದು, ಅದೂ ತೀರ್ಪು ಬಂದ ಕೂಡಲೆ, ಬೇರೆ ಯಾರ ಸಲಹೆಯನ್ನೂ ಕೇಳದೆ. ಕೇಳುವ ಬಗೆಯೂ ಸರಳ: ಬಾಯಿ ತೆರೆಯಬೇಕಾಗಿಲ್ಲ, ತನ್ನ ತಲೆಯನ್ನು ತಾನೇ ತಟ್ಟಿಕೊಂಡರಾಯಿತು.